ಅಕ್ಕನ ಕೆನ್ನೆಗೆ ಬಿಸಿಲು

ಅಕ್ಕನ ಎಡಗೆನ್ನೆಯ ಮೇಲೆ ಹುಟ್ಟಿದಾಗಿನಿಂದ ಒಂದು ಕಂದು ಮಚ್ಚೆಯಿತ್ತು, ಅಂಗೈ ಅರ್ಧ ಮುಚ್ಚುವಷ್ಟು ದೊಡ್ಡದು. ಬಸುರಿಯಾಗಿದ್ದ ಅವ್ವ ಗ್ರಹಣ ಹಿಡಿದಾಗ ಹೊರಗೆ ಬಂದಳಂತೆ, ಅದಕ್ಕೇ ಹಿಂಗಾಯಿತು ಎಂದು ನ್ಯಾಮತಿಯ ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಅಕ್ಕ ಎಡಮಗ್ಗುಲನ್ನು ಗೋಡೆಗೆ ಮಾಡಿಕೊಂಡು ಕೂರುತ್ತಿದ್ದಳು. ನನ್ನ ಮುಖದಲ್ಲಿ ಒಂದು ಕಲೆಯೂ ಇರಲಿಲ್ಲ. ನನಗಿದ್ದ ಹೆಚ್ಚುಗಾರಿಕೆ ಅದೊಂದೇ. ಓದು, ಹಾಡು, ರಂಗೋಲಿ ಎಲ್ಲದರಲ್ಲೂ ಅವಳದೇ ಮೇಲುಗೈ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಅವಳಿಗೆ ಹತ್ತೊಂಬತ್ತು, ನನಗೆ ಹದಿನಾರು. ಅಪ್ಪ ಅವಳನ್ನು ಬೆಂಗಳೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಿರಗಿರ ತಿರುಗುವ ಸಣ್ಣ ಚಕ್ರದಿಂದ ಮಚ್ಚೆಯ ಮೇಲ್ಪದರವನ್ನು ಉಜ್ಜಿ ತೆಗೆದರಂತೆ. ವಾರ ಕಳೆದು ಕೆನ್ನೆಗೆ ಬ್ಯಾಂಡೇಜು ಹಾಕಿಕೊಂಡು ಬಂದಳು. ಹಕ್ಕಳೆ ಉದುರಿದ ಮೇಲೆ ನೋಡಿದರೆ, ಎಳೆಗೂಸಿನ ಅಂಗಾಲಿನಂಥ ಗುಲಾಬಿ ಚರ್ಮ! ಮಚ್ಚೆ ಎಲ್ಲಿತ್ತೆಂದು ಹುಡುಕಬೇಕಿತ್ತು. ಅಕ್ಕ ಕನ್ನಡಿ ಬಿಟ್ಟು ಏಳಲಿಲ್ಲ. ನನಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಡಾಕ್ಟರದು ಒಂದೇ ಕಟ್ಟಪ್ಪಣೆ: ಆರು ತಿಂಗಳು ಆ ಕೆನ್ನೆಗೆ ಬಿಸಿಲು ತಾಗಕೂಡದು, ತಾಗಿದರೆ ಮತ್ತೆ ಕಪ್ಪಾಗುತ್ತದೆ. ಸರಿ, ಮಹಾರಾಣಿ ನೆರಳಿಗೆ, ನಾನು ಬಿಸಿಲಿಗೆ. ನೀರು ತರುವುದು, ಬಟ್ಟೆ ಒಗೆಯುವುದು, ಹಿಟ್ಟಿನ ಗಿರಣಿಗೆ ಹೋಗುವುದು ಎಲ್ಲ ನನ್ನ ತಲೆಗೆ ಬಿತ್ತು. ಅವಳು ಹೊಸಿಲು ದಾಟಿದರೆ ಸಾಕು, ಅವ್ವ ಛತ್ರಿ ಹಿಡಿದು ಹಿಂದೆ ಓಡುತ್ತಿದ್ದಳು. ನಾನು ಕಪ್ಪಾಗುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಬೇಸಿಗೆ ಬಂತು, ಶಾವಿಗೆ ಮಾಡುವ ಕಾಲ. ಅವ್ವ ನೆಂಟರ ಮನೆಯ ಬಾಣಂತಿಯನ್ನು ನೋಡಲು ಸಾಸ್ವೆಹಳ್ಳಿಗೆ ಹೋದವಳು ನಾಲ್ಕು ದಿನ ಅಲ್ಲೇ ಉಳಿದಳು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ನಾನು ಅಕ್ಕನನ್ನು ಕರೆದೆ. ಅವಳು ಛತ್ರಿ ಹುಡುಕಿದಳು.

“ಶಾವಿಗೆ ಹರಡಾಕೆ ಛತ್ರಿ ಯಾಕಕ್ಕ? ಓಣಿಯವರೆಲ್ಲ ನಗ್ತಾರೆ ನೋಡು,” ಎಂದೆ.

ಜನ ನಗುತ್ತಾರೆಂದರೆ ಅವಳಿಗೆ ಮೊದಲಿನಿಂದಲೂ ಭಯ. ಛತ್ರಿ ಬಿಟ್ಟು ಬಂದಳು. ಮುಗಿದ ಕೆಲಸವನ್ನೂ ಮುಗಿದಿಲ್ಲವೆಂದು ಹೇಳಿ, ನಾಲ್ಕೂ ದಿನ ಮಧ್ಯಾಹ್ನದವರೆಗೆ ಅವಳನ್ನು ಅಲ್ಲೇ ನಿಲ್ಲಿಸಿಕೊಂಡೆ. ತಿಳಿಯದೆ ಮಾಡಿದೆ ಎಂದು ಈಗಲೂ ಹೇಳಲಾರೆ.

ತಿಂಗಳೊಳಗೆ ಕೆನ್ನೆ ಮೊದಲಿಗಿಂತ ಕಪ್ಪಾಯಿತು. ಅವ್ವ ಎದೆ ಬಡಿದುಕೊಂಡು ಅತ್ತಳು. ಆಮೇಲೆ ನನ್ನ ತೋಳು ಹಿಡಿದು, ಇವಳನ್ನು ಬಿಸಿಲಿಗೆ ಕರೆದವಳು ನೀನೇನಾ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಡುಗೆಮನೆಯಿಂದ ಬಂದಳು.

“ಅವಳ್ಯಾಕೆ ಕರೀತಾಳವ್ವ? ಬ್ಯಾಡ ಅಂದ್ರೂ ನಾನೇ ಹೋಗಿದ್ದೆ,” ಎಂದಳು.

ಅವ್ವ ನನ್ನ ತೋಳು ಬಿಟ್ಟಳು. ಅಕ್ಕ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಅವಳ ಕಾಲು ಹಿಡಿದು ಅಳಬೇಕಿತ್ತು. ಅಳಲಿಲ್ಲ. ಇದರಲ್ಲೂ ಇವಳೇ ಗೆದ್ದಳಲ್ಲ ಎಂದು ಹೊಟ್ಟೆ ಉರಿಯಿತು.