ಆರ್ವಿಲಣ್ಣನ ಸಣ್ಣ ಪಿಸ್ತೂಲು

ನಮ್ಮಣ್ಣ ಆರ್ವಿಲ್ ಹಿಡಿದ ಕೆಲಸ ಕೆಡಿಸಿದವನಲ್ಲ. ಕೆಂಟಕಿಯ ಈ ಗುಡ್ಡಗಳ ನಡುವೆ, ಹಳ್ಳ ಉಕ್ಕಿದರೆ ದಾರಿಯೇ ಕಾಣದ ರಸ್ತೆಗಳಲ್ಲಿ, ಶಾಲೆಯ ಬಸ್ಸು ಓಡಿಸಿ ಮುದುಕನಾದ. ಒಂದು ಮಗುವಿನ ಮೊಣಕಾಲೂ ತರಚಲಿಲ್ಲ. ಅವನ ಬಸ್ಸು ನೋಡಿ ಹೆಂಗಸರು ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಅತ್ತಿಗೆ ತೀರಿಕೊಂಡ ಮೇಲೆ ನನ್ನ ಮನೆಯ ಪಕ್ಕದಲ್ಲೇ ಗಾಲಿ ಮೇಲಿನ ಒಂದು ಟ್ರೇಲರ್ ಮನೆ ತಂದು ನಿಲ್ಲಿಸಿಕೊಂಡ. ನಾನೂ ಗಂಡ ಸತ್ತವಳು. ಸಂಜೆ ನನ್ನ ಅಡುಗೆಮನೆಯಲ್ಲಿ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು.

ಬೇರೆ ಯಾವುದೋ ರಾಜ್ಯದ ಚರ್ಚಿಗೆ ಒಬ್ಬ ನುಗ್ಗಿ ಗುಂಡು ಹಾರಿಸಿದ ಸುದ್ದಿ ಬಂದ ವರ್ಷ, ನಮ್ಮ ಚರ್ಚಿನಲ್ಲೂ ಬಾಗಿಲಿಗೆ ಕಾವಲು ಬೇಕೆಂಬ ಮಾತು ಎದ್ದಿತು. ಯಾರು ನಿಲ್ಲುತ್ತೀರಿ ಎಂದು ಪಾಸ್ಟರ್ ಮೇಬ್ರಿ ಕೇಳಿದ್ದೇ ತಡ, ಮೊದಲು ಎದ್ದವನು ಅಣ್ಣ. ಬಸ್ಸು ಬಿಟ್ಟ ಮೇಲೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಮತ್ತೆ ಜನ ಅವನನ್ನು ನಂಬಿ ಕೂರುವ ಕೆಲಸವೊಂದು ಸಿಕ್ಕಿತು. ಭಾನುವಾರದ ಅಂಗಿಯನ್ನು ಶನಿವಾರವೇ ಇಸ್ತ್ರಿ ಮಾಡಿ ಇಡಲು ಶುರು ಮಾಡಿದ.

ಅಂಗಿಯ ಒಳಗೆ ಸೊಂಟಕ್ಕೆ ಸಿಕ್ಕಿಸಿದರೆ ಹೊರಗೆ ಕಾಣದಂಥ ಸಣ್ಣ ಪಿಸ್ತೂಲು ಕೊಂಡ. ನಮ್ಮ ಗಂಡಸರಲ್ಲಿ ಒಂದು ನೇಮವಿದೆ: ಇನ್ನೂರು ಗುಂಡು ಒಂದೂ ತಡೆಯದೆ ಹಾರುವವರೆಗೆ ಹೊಸ ಪಿಸ್ತೂಲನ್ನು ಸೊಂಟಕ್ಕೆ ಕಟ್ಟುವಂತಿಲ್ಲ. ಅಳಿಯನನ್ನು ಆರಿಸುವಾಗ ಇವರು ಇಷ್ಟು ಪರೀಕ್ಷೆ ಮಾಡಿದ್ದರೆ ಊರಿನ ಅರ್ಧ ಹೆಣ್ಣುಮಕ್ಕಳು ಸುಖವಾಗಿರುತ್ತಿದ್ದರು. ನನ್ನ ಹಿತ್ತಲ ಹಿಂದಿನ ಮಣ್ಣಿನ ದಿಬ್ಬಕ್ಕೆ ಅಣ್ಣ ಇನ್ನೂರನ್ನೂ ಹಾರಿಸಿದ. ಒಂದೂ ತಡೆಯಲಿಲ್ಲ. "ಬಸ್ಸಿನ ಬ್ರೇಕಿಗಿಂತ ನಂಬಿಕಸ್ಥ ಕಣೇ ಜೀನ್" ಎಂದು ಬೀಗಿದ. ನನ್ನ ಹೆಸರು ಐಮೊಜೀನ್. ಪೂರ್ತಿ ಕರೆಯುವಷ್ಟು ಪುರಸೊತ್ತು ಅವನಿಗೆ ಎಂದೂ ಇರಲಿಲ್ಲ.

ಕೆಲವು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಪಿಸ್ತೂಲು ಮೊಂಡು ಹಿಡಿಯತೊಡಗಿತು. ಮೊದಲ ಗುಂಡು ಹಾರುತ್ತಿತ್ತು, ಆದರೆ ಸುಟ್ಟ ತೋಟಾ ಹೊರಗೆ ಚಿಮ್ಮದೆ ಬಾಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಎರಡನೆಯದು ಹಾರುತ್ತಿರಲಿಲ್ಲ. ಅಣ್ಣ ಗುಂಡನ್ನು ಬೈದ, ಎಣ್ಣೆಯನ್ನು ಬೈದ, ಕೊನೆಗೆ ಕಂಪನಿಗೇ ಕಳಿಸಿದ. ಏನೂ ದೋಷವಿಲ್ಲ ಎಂದು ಅದು ವಾಪಸು ಬಂತು. ಒಂದು ಸಂಜೆ ರೇಗಿ ಅದನ್ನು ನನ್ನ ಕೈಗೆ ತುರುಕಿದ.

"ನೀನೇ ಹೊಡಿ ನೋಡೋಣ."

ಹೊಡೆದೆ. ಎಲ್ಲ ಗುಂಡೂ ಸಲೀಸಾಗಿ ಹೋದವು. ಅಣ್ಣ ತನ್ನ ಬಲಗೈ ನೋಡಿಕೊಂಡ. ಬೆರಳ ಗಂಟುಗಳು ಊದಿದ್ದವು, ಮಣಿಕಟ್ಟು ಸಣ್ಣಗೆ ನಡುಗುತ್ತಿತ್ತು. ಇಂಥ ಪುಟ್ಟ ಪಿಸ್ತೂಲು ಹಾರುವಾಗ ಹಿಂದಕ್ಕೆ ಒದೆಯುತ್ತದೆ, ಅದನ್ನು ತಡೆಯಲು ಗಟ್ಟಿ ಕೈ ಬೇಕು. ಕೈ ಹಿಂದಕ್ಕೆ ಬಾಗಿದರೆ ಸುಟ್ಟ ತೋಟಾ ಹೊರಗೆ ಬೀಳುವುದಿಲ್ಲ. ಅವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಟಿವಿ ಮುಂದೆ ಕೂತು ರಬ್ಬರ್ ಚೆಂಡು ಹಿಸುಕುವುದು ಶುರುವಾಯಿತು.

"ಬಾಗಿಲು ಬಿಟ್ಬಿಡು ಅಣ್ಣ. ಒಳಗೆ ಬಂದು ನನ್ನ ಪಕ್ಕ ಕೂತ್ಕೋ" ಎಂದೆ.

"ಒಳಗೆ ಕೂತು ಏನು ಮಾಡ್ಲಿ? ನಿನ್ನ ಅಪಸ್ವರ ಕೇಳ್ಲಾ?"

ಪ್ರತಿ ವಸಂತದಲ್ಲಿ ಕಾವಲಿನವರೆಲ್ಲ ಹಳೆಯ ಜಲ್ಲಿ ಗುಂಡಿಯಲ್ಲಿ ಗುರಿ ಹೊಡೆದು ತೋರಿಸಬೇಕು. ಆ ಸಲ ಅಣ್ಣನ ಪಿಸ್ತೂಲು ಎಲ್ಲರೆದುರು ಎರಡು ಸಲ ಕಚ್ಚಿಕೊಂಡಿತು. ಕಾವಲಿನವರ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಅಣ್ಣನ ಮಗ ಡಾಲಸ್. ಊರಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಕೈಯಲ್ಲಿ ಕಸುಬಿದೆ, ಬಾಯಲ್ಲಿ ಬೆಣ್ಣೆಯಿದೆ. ಅವತ್ತು ಅವನು ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನವನನ್ನು ಕರೆದ. ಬಾಗಿಲ ಕಾವಲು ಕೈತಪ್ಪಿತೆಂದುಕೊಂಡು ಅಣ್ಣ ಆ ವಾರ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಪಾಸ್ಟರ್ ಅವನ ಹೆಗಲ ಮೇಲೆ ಕೈ ಹಾಕಿ, "ಆರ್ವಿಲ್, ಆ ಬಾಗಿಲು ನಿಮ್ಮದೇ. ನೀವು ನಿಂತಿದ್ರೆ ನಮಗೆಲ್ಲ ನೆಮ್ಮದಿ" ಎಂದರು. ಡಾಲಸ್, "ಪಿಸ್ತೂಲು ಕೊಡಪ್ಪ, ಸ್ಪ್ರಿಂಗ್ ಸವೆದಿರಬೇಕು, ಹೊಸದು ಹಾಕಿಕೊಡ್ತೀನಿ" ಎಂದು ತೆಗೆದುಕೊಂಡು ಹೋದ. ಎರಡೇ ದಿನದಲ್ಲಿ ತಂದುಕೊಟ್ಟ. "ನಾನೇ ಐವತ್ತು ಹಾರಿಸಿ ನೋಡಿದೀನಿ. ಬೆಣ್ಣೆ ಥರ ಇದೆ. ನೀನು ಕೈ ನೋಯಿಸ್ಕೋಬೇಡ."

ಇನ್ನೂರು ಗುಂಡಿನ ನೇಮದವನು ಈ ಸಲ ಒಂದನ್ನೂ ಹಾರಿಸಿ ನೋಡಲಿಲ್ಲ. ಮಗ ಕೊಟ್ಟದ್ದನ್ನು ಪರೀಕ್ಷೆ ಮಾಡುವುದುಂಟೇ ಎಂದ. ಮತ್ತೆ ಕಚ್ಚಿಕೊಂಡರೆ ಎಂಬ ಅಳುಕೂ ಇತ್ತೆಂದು ಕಾಣುತ್ತದೆ. ಬೇಸಿಗೆಯೆಲ್ಲ ಬಾಗಿಲಲ್ಲಿ ನೆಟ್ಟಗೆ ನಿಂತ. ಒಳಗೆ ಬರುವ ಮಕ್ಕಳ ತಲೆ ಸವರುತ್ತಿದ್ದ, ಗುರುತಿಲ್ಲದ ಕಾರು ಬಂದರೆ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿದ್ದ. ನಾನು ಒಳಗಿನಿಂದ ಅದನ್ನು ನೋಡಿ ಹೆಮ್ಮೆಪಟ್ಟಿದ್ದೇನೆ.

ಎಲೆ ಉದುರುವ ಕಾಲಕ್ಕೆ ಕೈ ಸ್ವಲ್ಪ ಗಟ್ಟಿಯಾಗಿದೆ ಅನ್ನಿಸಿ ಅವನು ದಿಬ್ಬದ ಹತ್ತಿರ ಹೋದ. ನಾನು ಪಾತ್ರೆ ತೊಳೆಯುತ್ತಾ ಸದ್ದಿಗೆ ಕಾಯುತ್ತಿದ್ದೆ. ಸದ್ದೇ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಪಿಸ್ತೂಲನ್ನು ಬಿಚ್ಚಿ ಹರಡಿದ. ಹಾರದ ಗುಂಡುಗಳನ್ನು ಪಕ್ಕದಲ್ಲಿ ಸುರಿದ. ಒಂದರ ಬೆನ್ನಿನ ಮೇಲೂ ಒಂದು ಗೀರು ಕೂಡ ಇರಲಿಲ್ಲ. ಗುಂಡಿನ ಬೆನ್ನಿಗೆ ಬಡಿಯಬೇಕಾದ ಪುಟ್ಟ ಪಿನ್ನನ್ನು ಬೆರಳ ತುದಿಯಲ್ಲಿ ಹಿಡಿದು ನನಗೆ ತೋರಿಸಿದ. ಅದರ ಮೂತಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದರು. ಅರದ ಗೆರೆಗಳು ಇನ್ನೂ ಹೊಳೆಯುತ್ತಿದ್ದವು.

"ಇವತ್ತು ಒಂದ್ಸಲವೂ ಕಚ್ಕೊಳ್ಲಿಲ್ಲ ನೋಡು" ಎಂದ. ನಗಲು ನೋಡಿದ, ಆಗಲಿಲ್ಲ.

"ಡಾಲಸ್ಸಾ?"

"ಅವನ ಕೈಕೆಲಸ ನಂಗೆ ಗೊತ್ತಿಲ್ವಾ? ಅರ ಹಿಡಿಯೋದು ಕಲಿಸಿದವನೇ ನಾನು. ನೀನು ಏನೂ ಕೇಳಕ್ಕೆ ಹೋಗ್ಬೇಡ."

ಅವನು ಬೇಡವೆಂದರೆ ನಾನು ಬಿಡುವವಳೇ? ಮರುದಿನ ನೇರ ಗ್ಯಾರೇಜಿಗೆ ಹೋದೆ. ಡಾಲಸ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಅತ್ತೆ, ಮತ್ತೇನು ಮಾಡ್ಬೇಕಿತ್ತು ಹೇಳು. ಬಾಗಿಲಿಂದ ತೆಗೆದ್ರೆ ಕೊರಗಿ ಸಾಯ್ತಾನೆ. ನಡುಗೋ ಕೈಗೆ ಹಾರೋ ಪಿಸ್ತೂಲು ಕೊಟ್ರೆ ಯಾರ ಮಗುಗೆ ತಾಗುತ್ತೋ. ಪಾಸ್ಟರೇ ಅಂದ್ರು, ಸುಮ್ನೆ ನಿಂತಿರ್ಲಿ, ಕಣ್ಣಿಗೆ ಕಂಡ್ರೆ ಸಾಕು ಅಂತ."

"ಅಂದ್ರೆ ನಿಮ್ಮಪ್ಪ ಬೆದರುಗೊಂಬೆ."

"ಹಾಗನ್ಬೇಡ ಅತ್ತೆ. ಒಳಗೆ ನಾವೆಲ್ಲ ಇರ್ತೀವಲ್ಲ."

"ಒಳಗೆ! ನುಗ್ಗೋನು ಮೊದಲು ಬರೋದು ಬಾಗಿಲಿಗೆ ಕಣೋ. ನಿಮ್ಮಪ್ಪ ಹಿಂದೆ ಸರಿಯೋನಲ್ಲ ಅಂತ ನಿಂಗೆ ಗೊತ್ತು. ಸತ್ತ ಪಿಸ್ತೂಲು ಹಿಡ್ಕೊಂಡು ಎದೆ ಕೊಟ್ಟು ನಿಲ್ತಿದ್ದ. ಅವನ ಮುಖ ನೋಡಿ 'ಅಪ್ಪ, ಸಾಕು' ಅನ್ನೋ ಒಂದು ಮಾತಿಗೆ ಹೆದರ್ಕೊಂಡು ಅವನ ಜೀವವನ್ನೇ ಬಾಗಿಲಿಗೆ ಇಟ್ರಲ್ಲೋ!"

ಡಾಲಸ್ ನೆಲ ನೋಡಿದ. "ಅಪ್ಪನಿಗೆ ಗೊತ್ತಾ?" ಎಂದು ಕೇಳಿದ. ಅವನಿಗೆ ಬೇಕಿದ್ದದ್ದು ಅದೊಂದೇ.

"ಹೋಗಿ ಅವನನ್ನೇ ಕೇಳು" ಎಂದು ಬಂದುಬಿಟ್ಟೆ. ಶನಿವಾರದವರೆಗೂ ಅವನು ನಮ್ಮ ಕಡೆ ತಲೆ ಹಾಕಲಿಲ್ಲ.

ಆ ಶನಿವಾರವೂ ಅಣ್ಣ ಅಂಗಿಗೆ ಇಸ್ತ್ರಿ ಹಾಕಿದ. ಭಾನುವಾರ ಬೆಳಿಗ್ಗೆ ಅದೇ ಪಿಸ್ತೂಲನ್ನು ಜೋಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಯಾಕಣ್ಣ ಇನ್ನೂ ಅದು?" ಎಂದೆ. ಅಂಗಿಯನ್ನು ಅದರ ಮೇಲೆ ಎಳೆದುಕೊಂಡು ಬಾಗಿಲ ಕಡೆ ನಡೆದ.

ಚರ್ಚಿನ ಮೆಟ್ಟಿಲ ಮೇಲೆ ಡಾಲಸ್ ನಿಂತಿದ್ದ. ಅಣ್ಣನ ಮುಖ ಎಂದಿನಂತೆಯೇ ಇದ್ದದ್ದು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. "ಬಾಪ್ಪ, ನೀನು ಬಂದ್ರೇನೇ ಧೈರ್ಯ" ಎಂದು ಕೈ ಕುಲುಕಿದ.

"ಡಾಲಸ್, ಇದು ಯಾಕೋ ಸೊಂಟಕ್ಕೆ ಒತ್ತುತ್ತೆ" ಎಂದ ಅಣ್ಣ. "ಇವತ್ತೊಂದಿನ ನಿಂದು ನಂಗೆ ಕೊಡು, ನಂದು ನೀನು ಇಟ್ಕೋ."

"ನಂದು ಭಾರ ಅಪ್ಪ. ನಿಂಗೆ ಆಗಲ್ಲ."

"ಹೋಗ್ಲಿ. ಆರಾಧನೆ ಮುಗಿದ್ಮೇಲೆ ದಿಬ್ಬದ ಹತ್ರ ಬಾ. ಇಬ್ರೂ ಸೇರಿ ಇದನ್ನ ಹಾರಿಸಿ ನೋಡೋಣ."

"ಇವತ್ತು ಗ್ಯಾರೇಜಲ್ಲಿ ಕೆಲಸ ಇದೆ. ಇನ್ನೊಂದಿನ ನೋಡೋಣ."

"ನಿಮ್ಮತ್ತೆ ಏನಾದ್ರೂ ಹೇಳಿದ್ಲಾ?" ಎಂದು ಅಣ್ಣ ಕೇಳುತ್ತಾನೇನೋ ಎಂದು ನಾನು ಕಾದೆ. ಅದನ್ನು ಕೇಳಲಿಲ್ಲ. ಮಗನ ಕಣ್ಣನ್ನೇ ನೋಡುತ್ತಾ ನಿಧಾನವಾಗಿ ಕೇಳಿದ: "ನೀನೇ ರಿಪೇರಿ ಮಾಡಿದ್ದಲ್ವಾ. ಇದು ಹಾರುತ್ತೆ ತಾನೇ ಮಗ?"

ಡಾಲಸ್‌ನ ಕಿವಿ ಕೆಂಪಾಯಿತು. ನನ್ನನ್ನು ನೋಡಿದ, ಒಳಗಿದ್ದ ಪಾಸ್ಟರ್ ಕಡೆ ನೋಡಿದ.

"ಹಾರುತ್ತೆ ಅಪ್ಪ. ನಂಬ್ಕೊಂಡು ನಿಲ್ಲು."

ಅಣ್ಣ ಪಿಸ್ತೂಲನ್ನು ತೊಗಲಿನ ಚೀಲದ ಸಮೇತ ಸೊಂಟದಿಂದ ಬಿಚ್ಚಿ ಮಗನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮುಚ್ಚಿದ. ಬಸ್ಸು ಹತ್ತುವ ಮಕ್ಕಳ ಕೈಗೆ ಬಿದ್ದುಹೋದ ಪೆನ್ಸಿಲ್ಲು ಕೊಡುವಾಗಲೂ ಹೀಗೇ ಮಾಡುತ್ತಿದ್ದ. ಆಮೇಲೆ ಒಳಗೆ ಬಂದು ನನ್ನ ಪಕ್ಕ ಕೂತ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಮೊಣಕಾಲು ನೋವಿಗೆ ಅಪ್ಪನೇ ಕಾವಲು ಬಿಟ್ಟ ಎಂದು ಡಾಲಸ್ ಊರಿಗೆಲ್ಲ ಹೇಳಿಕೊಂಡಿದ್ದಾನೆ. ಊರೂ ನಂಬಿದೆ. ಅಣ್ಣ ಅದನ್ನು ಅಲ್ಲಗಳೆಯಲು ಹೋಗಿಲ್ಲ. ಆ ದಿನ ಎಲ್ಲರೂ ಹಾಡಲು ಎದ್ದು ನಿಂತಾಗ ಅವನೊಬ್ಬ ಕೂತೇ ಇದ್ದ. ನಾನು ಬಗ್ಗಿ ಏನಾಯಿತೆಂದು ಕೇಳಿದೆ.

"ಮೂರು ಸಲ ಕೇಳ್ದೆ ಜೀನ್" ಎಂದ. "ಒಂದ್ಸಲ 'ಅಪ್ಪ, ನಿನ್ನ ಕೈ ನಡುಗುತ್ತೆ' ಅಂದಿದ್ರೆ ಸಾಕಿತ್ತು."