ಅಕ್ಕನಿಗೆ ತಮಿಳು ಬರುತ್ತಿತ್ತು

ಎಪ್ಪತ್ತರ ದಶಕದ ಕೊನೆಯಲ್ಲಿ ಮಂಡ್ಯದ ಟಾಕೀಸೊಂದಕ್ಕೆ ತಮಿಳಿನ ಒಂದು ಪ್ರೇಮಕಥೆ ಬಂತು. ನಿರ್ದೇಶಕನಿಗೆ ಅದೇ ಮೊದಲ ಚಿತ್ರ. ನಟರೂ ಹೊಸಬರು, ಹೊಡೆದಾಟ ಇಲ್ಲ. ಸಕ್ಕರೆ ಕಾರ್ಖಾನೆಯ ತಮಿಳು ಕುಟುಂಬಗಳನ್ನು ನಂಬಿ ತರಿಸಿದ್ದರು. ಪಕ್ಕದ ಮನೆಯ ತಮಿಳಮ್ಮ ಅವ್ವನನ್ನೂ ಅಕ್ಕನನ್ನೂ ನನ್ನನ್ನೂ ಮ್ಯಾಟಿನಿಗೆ ಕರೆದುಕೊಂಡು ಹೋದರು. ಬರುವ ಭಾನುವಾರ ಅಕ್ಕನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬರುವುದಿತ್ತು.

ನಮ್ಮ ಮನೆಯಲ್ಲಿ ಯಾರಿಗೂ ತಮಿಳು ಬಾರದು. ತಮಿಳಮ್ಮ ಅವ್ವನ ಕಿವಿಯಲ್ಲಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ನಾಯಕಿ ಅತ್ತಾಗಲೆಲ್ಲ ಅವ್ವ, ಯಾರು ಸತ್ತರು ಎಂದು ಕೇಳುವಳು. ಇನ್ನೂ ಯಾರೂ ಸತ್ತಿಲ್ಲ, ಸುಮ್ಮನೆ ನೋಡಿ ಎಂದು ಆಕೆ ಗದರುವರು.

ಕೊನೆಗೆ ನಾಯಕಿ ತಂದೆಯ ಮುಂದೆ ನಿಂತು ಏನೋ ಹೇಳಿದಳು. ತಮಿಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅದನ್ನು ಹೇಳಲು ಮರೆತರು. ಏನಂತೆ ಎಂದಳು ಅವ್ವ.

"ಏಳಿದ್ರೆ ಬ್ಯಾಡ ಅಂತಿದ್ರಿ, ಅದ್ಕೇ ಏಳ್ನಿಲ್ಲ ಅಂತಾವ್ಳೆ," ಅಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಅವ್ವ ಆಮೇಲೆ ಚಿತ್ರ ನೋಡಲಿಲ್ಲ.

ಅಕ್ಕ ಹೊಲಿಗೆ ಕಲಿಯಲು ದಿನಾ ತಮಿಳಮ್ಮನ ಮನೆಗೆ ಹೋಗುತ್ತಿದ್ದಳು. ಆಕೆ ಅವಳೊಡನೆ ಆಡುತ್ತಿದ್ದುದು ಕನ್ನಡವೇ. ಅಲ್ಲಿ ಕನ್ನಡ ಬಾರದವನು ಆಕೆಯ ತಮ್ಮ ಒಬ್ಬನೇ, ಕಾರ್ಖಾನೆಯಲ್ಲಿ ಫಿಟ್ಟರ್. ಚಿತ್ರ ಬಿಟ್ಟು ತಮಿಳಮ್ಮ ಮಾರ್ಕೆಟ್ಟಿನ ಕಡೆ ತಿರುಗಿದ ಮೇಲೆ ಅವ್ವ ರಸ್ತೆಯಲ್ಲೇ ಕೇಳಿದಳು.

"ಆಯಮ್ಮನ ತಮ್ಮನಾ?"

ಅಕ್ಕ ಹೌದೆಂದಳು. ಅವನ ಹಿಂದೆ ಹೋಗುವ ಯೋಚನೆಯೇ, ಭಾನುವಾರ ಬರುವವರಿಗೆ ಏನು ಹೇಳುವುದು ಎಂದು ಅವ್ವ ಒಂದೇ ಉಸಿರಿಗೆ ಕೇಳಿದಳು.

"ಎದ್ರುಕೋಬ್ಯಾಡ ಕಣವ್ವ. ಅವುನ್ಗೆ ಸೇಲಂನಲ್ಲಿ ಎಣ್ಣು ಗೊತ್ತುಮಾಡವ್ರೆ. ಅವ್ನೇ ಒಪ್ಕೊಂಡವ್ನೆ."

ಅವ್ವ ಬೈಯಲು ಸಿದ್ಧಳಾಗಿದ್ದಳು. ಬೈಯಲು ಏನೂ ಉಳಿದಿರಲಿಲ್ಲ.

ಮನೆಗೆ ಬಂದವಳೇ ಅಪ್ಪನಿಗೆ, ನನಗೆ ಸೊಂಟ ಹಿಡಿದಿದೆ, ನೆಂಟರಿಗೆ ಬೇಯಿಸಿಹಾಕಲು ಆಗದು, ಮಳವಳ್ಳಿಯವರು ಸುಗ್ಗಿ ಕಳೆದು ಬರಲಿ ಎಂದಳು. ಸುಗ್ಗಿಯವರೆಗೆ ಹಿಡಿಯುವ ಸೊಂಟ ಯಾವುದು ಎಂದು ಅಪ್ಪ ಕೂಗಾಡಿದ. ಅವ್ವ ಬೇರೆ ಕಾರಣ ಕೊಡಲಿಲ್ಲ. ಕೊನೆಗೆ ಅಪ್ಪ ಹೇಳಿಕಳಿಸಿದ.

ಗಂಡಿನವರು ಕಾಯಲಿಲ್ಲ, ಚಿಕ್ಕರಸಿನಕೆರೆ ಕಡೆಯಿಂದ ಹೆಣ್ಣು ತಂದರು. ಒಳ್ಳೆಯ ಸಂಬಂಧ ಕೆಡಿಸಿದಳು ಎಂದು ನೆಂಟರು ಅವ್ವನನ್ನೇ ಆಡಿಕೊಂಡರು. ಅಕ್ಕ ನಿಜ ಹೇಳಲು ಬಾಯಿ ತೆರೆದರೆ ಅವ್ವ ಕಣ್ಣಿನಲ್ಲೇ ತಡೆಯುತ್ತಿದ್ದಳು. ಆ ವರ್ಷವೆಲ್ಲ ಅಕ್ಕ ಅವ್ವನಿಗೆ ನೀರಿನ ಕೊಡ ಎತ್ತಲು ಬಿಡಲಿಲ್ಲ.