ಯಜಮಾನರನ್ನು ಕೇಳಿ

ಕಬ್ಬಿಣದ ಬೀರು ಮಾಡುವ ಆ ಕಾರ್ಖಾನೆಯಲ್ಲಿ ಯಜಮಾನರ ಮಾತಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ. ಸ್ಕ್ರೂ ತರಿಸಬೇಕೇ, ಅವರನ್ನು ಕೇಳಬೇಕು. ಕೆಟ್ಟ ಬಲ್ಬು ಬದಲಿಸಬೇಕೇ, ಅವರನ್ನೇ ಕೇಳಬೇಕು. ಗೋಡೆ ಗಡಿಯಾರವೂ ಯಜಮಾನರ ಅಪ್ಪಣೆ ಪಡೆದೇ ಹನ್ನೆರಡು ಹೊಡೆಯುತ್ತದೆ ಎಂದು ಕೆಲಸದವರು ತಮ್ಮತಮ್ಮಲ್ಲೇ ನಗುತ್ತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಕೋಪ ಬರಲಿಲ್ಲ, ಒಳಗೊಳಗೇ ಹಿಗ್ಗಿದ್ದರು.

ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ತಗಡು ಕತ್ತರಿ, ಒಂದು ಸುತ್ತಿಗೆ ಹಿಡಿದು ಶುರು ಮಾಡಿದ ಮನುಷ್ಯ ಅವರು. ಆಗ ಜೊತೆಗಿದ್ದವಳು ತಂಗಿ ಒಬ್ಬಳೇ. ಅಣ್ಣ ತಗಡು ಮಡಿಸಿದರೆ ತಂಗಿ ಬಣ್ಣ ಹೊಡೆಯುತ್ತಿದ್ದಳು. ಶೆಡ್ಡು ಕಾರ್ಖಾನೆಯಾದಾಗ ಬಣ್ಣದ ಕೋಣೆ ಅವಳ ಪಾಲಿಗೆ ಬಂತು.

ಒಂದು ದಿನ ಯಜಮಾನರು ಹೊರಗೆ ಹೋಗಿ ಬರುವಷ್ಟರಲ್ಲಿ ಅವಳು ಬಣ್ಣದ ಕೆಲಸ ನಿಲ್ಲಿಸಿದ್ದಳು.

"ಯಾರನ್ನ ಕೇಳಿ ನಿಲ್ಲಿಸಿದೆ?"

"ಬಣ್ಣ ಹಿಡೀತಿಲ್ಲ ಅಣ್ಣ. ಉಗುರಲ್ಲಿ ಕೆರೆದ್ರೆ ಎದ್ದು ಬರ್ತಿದೆ."

"ಅದನ್ನ ನೋಡೋಕೆ ನಾನಿಲ್ವಾ? ಇಲ್ಲಿ ಒಬ್ಬರಿಗೆ ತಲೆ ಇದ್ರೆ ಸಾಕು. ನೀನು ಬಣ್ಣ ಹೊಡಿ."

ಎಲ್ಲರೆದುರೂ ಆಡಿದ ಮಾತು. ತಂಗಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದಳು. ಆಮೇಲೆ ಯಜಮಾನರು ತಾವೇ ಕೆರೆದು ನೋಡಿ, ಸದ್ದಿಲ್ಲದೆ ಬಣ್ಣವನ್ನು ಅಂಗಡಿಗೆ ವಾಪಸು ಕಳಿಸಿದರು.

"ಅವಳು ಹೇಳಿದ್ದು ಸರಿ ಇತ್ತು ಅಂತ ಒಂದು ಮಾತು ಹೇಳ್ಬಾರ್ದಾ?" ಎಂದು ಆ ರಾತ್ರಿ ಮನೆಯಲ್ಲಿ ಹೆಂಡತಿ ಕೇಳಿದಳು.

"ಒಡಹುಟ್ಟಿದೋಳು ತಾನೆ, ಬೇಜಾರು ಮಾಡ್ಕೊಳ್ಳಲ್ಲ ಬಿಡು."

ತಂಗಿ ಬೇಜಾರು ಮಾಡಿಕೊಂಡಂತೆ ಕಾಣಲೂ ಇಲ್ಲ. ಅಂದಿನಿಂದ ಎಲ್ಲದಕ್ಕೂ ಅಣ್ಣನನ್ನು ಕೇಳತೊಡಗಿದಳು, ಅಷ್ಟೇ.

ಕೆಲವು ವರ್ಷಗಳ ಬಳಿಕ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಫೋನು ಕೂಡ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಚೇತರಿಸಿಕೊಂಡು ಕಾರ್ಖಾನೆಗೆ ಬಂದಾಗ ಅಂಗಳದ ತುಂಬ ಬೀರುಗಳು. ಹಾಸ್ಟೆಲ್ ಒಂದಕ್ಕೆ ಹೋಗಿ ವಾಪಸು ಬಂದಿದ್ದವು. ಬಣ್ಣವೆಲ್ಲ ಸಿಪ್ಪೆಯ ಹಾಗೆ ಏಳುತ್ತಿತ್ತು, ಒಳಗೆ ತುಕ್ಕು.

"ಬಣ್ಣ ಹಿಡೀತಿಲ್ಲ ಅಂತ ಗೊತ್ತಾಗ್ಲಿಲ್ವಾ?" ಎಂದು ತಂಗಿಯನ್ನು ಕೇಳಿದರು.

"ಗೊತ್ತಾಯ್ತು."

"ಮತ್ಯಾಕೆ ನಿಲ್ಲಿಸ್ಲಿಲ್ಲ?"

"ನೀನು ಹೇಳಿರ್ಲಿಲ್ವಲ್ಲ ಅಣ್ಣ. ಕೇಳೋಣ ಅಂದ್ರೆ ಫೋನ್ ಮಾಡೋ ಹಾಗಿರ್ಲಿಲ್ಲ."

ಮಾತಿನಲ್ಲಿ ಕೊಂಕು ಇದೆಯೇ ಎಂದು ಅವಳ ಮುಖ ನೋಡಿದರು. ಇರಲಿಲ್ಲ. ಕೊಂಕಿದ್ದಿದ್ದರೆ ಬೈದು ಹಗುರಾಗಬಹುದಿತ್ತು. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ, ಮೈಗಳ್ಳತನವನ್ನೂ ಮಾಡಿರಲಿಲ್ಲ. ಎಲ್ಲರೂ ಅವರ ಮಾತು ಕೇಳಿದ್ದರು.

ಮರುದಿನ ಎಲ್ಲರನ್ನೂ ಕರೆದು, "ಇನ್ಮೇಲೆ ನಿಮ್ಮ ನಿಮ್ಮ ಕೆಲಸದಲ್ಲಿ ನೀವೇ ತೀರ್ಮಾನ ಮಾಡಿ" ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ವೆಲ್ಡಿಂಗಿನವನು ಕೈಕಟ್ಟಿ, "ಆಗ್ಲಿ ಯಜಮಾನ್ರೇ. ಯಾವುದನ್ನ ತೀರ್ಮಾನ ಮಾಡ್ಬೇಕು ಹೇಳಿ" ಎಂದ.

ಯಾರೂ ನಗಲಿಲ್ಲ. ಅವನು ತಮಾಷೆಗೆ ಹೇಳಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಾಸ್ಟೆಲಿನ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಹಳೆಯ ಗಿರಾಕಿಗಳು ಕೈಬಿಟ್ಟರು. ಕಾರ್ಖಾನೆಯನ್ನು ಮಾರಬೇಕಾಯಿತು. ಕೊಂಡವಳು ಕುರ್ಚಿ ಮಾಡುವ ಕಂಪನಿಯ ಒಡತಿ. ಬೀರು ಕೆಲಸವನ್ನೂ ಕೆಲಸದವರನ್ನೂ ಹಾಗೇ ಉಳಿಸಿಕೊಂಡಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಯಜಮಾನರು ತಂಗಿಯನ್ನು ನೋಡಲು ಅಲ್ಲಿಗೆ ಹೋದರು. ಬಣ್ಣದ ಕೋಣೆ ಸ್ತಬ್ಧವಾಗಿತ್ತು. ತಂಗಿಯೇ ನಿಲ್ಲಿಸಿದ್ದಳು. ಒಡತಿ ಬಾಗಿಲಲ್ಲಿ ಇಣುಕಿ, "ಏನಾಯ್ತಕ್ಕ?" ಎಂದಳು.

"ತಗಡು ಸರಿಯಾಗಿ ತೊಳೆದಿಲ್ಲ. ಇನ್ನೊಂದ್ಸಲ ತೊಳೆಸ್ತಿದೀನಿ."

"ಸರಿ" ಎಂದು ಅವಳು ಹೊರಟುಹೋದಳು.

ಇಷ್ಟೇ ಆಗಿತ್ತೇ! ಒಂದು 'ಸರಿ'ಗೆ ತಮ್ಮ ಗಂಟೇನು ಹೋಗುತ್ತಿತ್ತು ಎನಿಸಿ ಯಜಮಾನರು ಗೋಡೆಗೆ ಆತುಕೊಂಡರು. ತಂಗಿ ಸ್ಟೂಲು ಎಳೆದು ಕೊಟ್ಟಳು, ನೀರು ತಂದಳು. ಅವತ್ತು ನೀನು ಹೇಳಿದ್ದು ಸರಿ ಇತ್ತು ಎನ್ನಲೆಂದೇ ಬಂದಿದ್ದ ಯಜಮಾನರು ಪಕ್ಕದ ಬೀರುವನ್ನು ಉಗುರಲ್ಲಿ ಕೆರೆದು ನೋಡಿದರು.

"ಈ ಬೀರುಗೆ ಬಣ್ಣ ಚೆನ್ನಾಗಿ ಕೂತಿದೆ" ಎಂದರು.

"ಹೂಂ ಅಣ್ಣ" ಎಂದಳವಳು, ಮತ್ತೆ ತಗಡಿನ ಕಡೆ ತಿರುಗಿದಳು.